ಹಿಂದಿನ ಕೋಣೆಯ ಒಲೆ

ಮನೆ ಎರಡು ಮಾಡುವ ಯೋಚನೆ ಬಂದದ್ದು ಮನೆಯ ಯಜಮಾನರಿಗೇ, ಅದೂ ಎಲ್ಲರೂ ಸಾಲಾಗಿ ಕೂತು ಊಟ ಮಾಡುತ್ತಿದ್ದ ಹೊತ್ತಿನಲ್ಲಿ. ಎರಡನೇ ಸಲ ಅನ್ನ ಹಾಕಿಸಿಕೊಂಡು, "ಸೋಮವಾರದಿಂದ ನಾವು ಎರಡು ಮನೆ," ಎಂದರು. ಅಂಗಡಿಯಿಂದ ಉಪ್ಪು ತರಬೇಕು ಎನ್ನುವಷ್ಟೇ ಸಲೀಸಾಗಿ ಅಂದುಬಿಟ್ಟರು.

ಬಡಿಸುತ್ತಿದ್ದ ಅಮ್ಮನ ಕೈ ನಿಂತಿತು. "ಯಾರ ಜೊತೆ ಜಗಳ ಆಯ್ತು ನಿಮಗೆ?"

"ಜಗಳ ಯಾಕಾಗ್ಬೇಕು? ಸರ್ಕಾರದ ಕಣ್ಣಿಗೆ ಮಾತ್ರ ಎರಡು. ನಮಗೆ ನಾವು ಒಂದೇ."

ಊರಿನಲ್ಲಿ ಅವರಿಗೆ ವಕೀಲರು ಎಂದು ಅಡ್ಡಹೆಸರು. ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ತರಕಾರಿ ಸಸಿ ಬೆಳೆಸಿ ರೈತರಿಗೆ ಮಾರುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಆದರೆ ಯಾವ ಕಚೇರಿಯ ಯಾವ ನಿಯಮ ಮುಂದಿಟ್ಟರೂ ಅದರೊಳಗೆ ನುಸುಳಲು ಒಂದು ಕಿಂಡಿ ಹುಡುಕುವುದರಲ್ಲಿ ಎತ್ತಿದ ಕೈ. ಹಳ್ಳಿಯಲ್ಲಿ ಕಸುಬು ಕಟ್ಟುವವರಿಗೆ ಸರ್ಕಾರ ಈ ವರ್ಷ ಅರ್ಧಕ್ಕಿಂತ ಹೆಚ್ಚು ಖರ್ಚು ಕೊಡುತ್ತಿತ್ತು. ಆದರೆ ಒಂದು ಕುಟುಂಬಕ್ಕೆ ಒಂದೇ ಕಸುಬು. ಕುಟುಂಬ ಅಂದರೆ ಒಂದೇ ಒಲೆಯಲ್ಲಿ ಉಣ್ಣುವವರು. ದೊಡ್ಡ ಮಗನಿಗೆ ಹರಿದ ನೆರಳು ಪರದೆಯ ಜಾಗದಲ್ಲಿ ಗಟ್ಟಿ ಸಸಿಮನೆ ಬೇಕಿತ್ತು. ಚಿಕ್ಕ ಮಗನಿಗೆ ಟೊಮೇಟೊ ಒಣಗಿಸುವ ಯಂತ್ರ ಬೇಕಿತ್ತು. ಬೆಲೆ ಬಿದ್ದ ದಿನ ಗಾಡಿ ತುಂಬ ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದ ಮೇಲೆ ಅವನು ಎರಡು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ. ಒಲೆ ಒಂದೇ ಇದ್ದರೆ ಇಬ್ಬರಲ್ಲಿ ಒಬ್ಬ ಕೈ ಚೆಲ್ಲಿ ಕೂರಬೇಕಾಗಿತ್ತು.

"ಒಲೆ ತಾನೇ? ಇನ್ನೊಂದು ಹಚ್ಚಿದ್ರಾಯ್ತು," ಎಂದರು ವಕೀಲರು. "ಮುಂದಿನ ಅಡುಗೆಮನೆ ದೊಡ್ಡವನದ್ದು. ಹಿಂದೆ ಗೋಣಿಚೀಲ ಇಟ್ಟಿರೋ ಕೋಣೆ ಇದೆಯಲ್ಲ, ಅದು ಚಿಕ್ಕವನದ್ದು. ಇನ್ನೊಂದು ಮಾತು. ಮನೇಲಿ ವಯಸ್ಸಾದವರಿದ್ರೆ ಐದು ಅಂಕ ಜಾಸ್ತಿ. ಅಂಕ ಜಾಸ್ತಿ ಇದ್ದವರಿಗೆ ಹಣ ಮೊದಲು. ಜಮೀನು ನನ್ನ ಹೆಸರಲ್ಲಿದೆ, ಸಸಿಮನೆ ಜಮೀನಲ್ಲಿ ಬರ್ಬೇಕು, ಅದಕ್ಕೆ ನಾನು ದೊಡ್ಡವನ ಕಡೆ. ನೀನು ಚಿಕ್ಕವನ ಕಡೆ."

"ಅಂದ್ರೆ ನಮ್ಮಿಬ್ಬರನ್ನೂ ಪಾಲು ಹಾಕ್ತಿದ್ದೀರಾ?"

"ಪಾಲಲ್ಲ ಕಣೇ, ಅಂಕ."

"ಈ ವಯಸ್ಸಲ್ಲಿ ಡೈವೋರ್ಸಾ ಅಮ್ಮ!" ಎಂದ ಚಿಕ್ಕ ಮಗ. ಸೊಸೆಯರಿಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಅಮ್ಮನೂ ನಕ್ಕಳು. ಎಷ್ಟು ದಿನ ಎಂದು ಕೇಳಿದ್ದಕ್ಕೆ, ಅಧಿಕಾರಿ ಬಂದು ನೋಡಿ ಹೋಗುವ ತನಕ, ಹೆಚ್ಚೆಂದರೆ ಎರಡು ವಾರ ಎಂದರು ವಕೀಲರು.

ಹಿಂದಿನ ಕೋಣೆಯಿಂದ ಗೋಣಿಚೀಲ, ಸಸಿ ಟ್ರೇ, ಮುರಿದ ಪಂಪು ಎಲ್ಲ ಹೊರಗೆ ಬಂದವು. ಗೋಡೆಗೆ ಸುಣ್ಣ ಬಳಿದರೆ ಹೊಸದೆಂದು ಗೊತ್ತಾಗುತ್ತದೆ, ಬೇಡ ಎಂದರು ವಕೀಲರು. ಒಲೆಯನ್ನೂ ಹಳೆಯದನ್ನೇ ಕೊಂಡು ತಂದರು. ಆಚೆ ಬೀದಿಯಲ್ಲಿ ಯಾರೋ ಇದೇ ಉಪಾಯ ಮಾಡಿ ಹೊಸ ಒಲೆ ಇಟ್ಟಿದ್ದರಂತೆ. ಬೆಳಿಗ್ಗೆ ಬೆಳಿಗ್ಗೆ ಹೇಳದೆ ಕೇಳದೆ ಬಂದ ಅಧಿಕಾರಿಗೆ ಒಲೆಯ ಮೇಲಿನ ಸ್ಟಿಕ್ಕರ್ ಕಾಣಿಸಿ, ಅಲ್ಲೇ ಅರ್ಜಿ ಹೊಡೆದು ಹಾಕಿ ಹೋದರಂತೆ. ಈ ಸುದ್ದಿ ಕೇಳಿದ ಮೇಲೆ ವಕೀಲರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು.

ಮೊದಮೊದಲು ಎಲ್ಲರಿಗೂ ಇದೊಂದು ಆಟ. ಮುಂದಿನಿಂದ ಹಿಂದಕ್ಕೆ ಬೇಳೆ ಬರುತ್ತಿತ್ತು, ಹಿಂದಿನಿಂದ ಮುಂದಕ್ಕೆ ಹುರಿದ ಮೊಟ್ಟೆ ಹೋಗುತ್ತಿತ್ತು. ದೊಡ್ಡ ಮಗನ ಮಗಳು ಪುಟ್ಟಿ ಎರಡು ಕಡೆಯೂ ಹೊಟ್ಟೆ ಬಿರಿಯ ತಿಂದು ಓಡಾಡುತ್ತಿದ್ದಳು. ಅಮ್ಮ ಮಾತ್ರ ಬೆಳಗಾದರೆ ಅಭ್ಯಾಸಬಲದಿಂದ ಮುಂದಿನ ಅಡುಗೆಮನೆಗೆ ಹೋಗಿ ಗಂಡನಿಗೆ ಚಹಾ ಕಾಸಿ, ಸಕ್ಕರೆ ಕಾಯಿಲೆಯ ಮಾತ್ರೆ ಕೈಗೆ ಕೊಟ್ಟು ಬರುತ್ತಿದ್ದಳು.

ಒಂದು ಬೆಳಿಗ್ಗೆ ವಕೀಲರು ನಡುವಿನ ಓಣಿಯಲ್ಲಿ ಅವಳನ್ನು ತಡೆದರು. "ಇದೆಲ್ಲ ಸಾಕು. ಬಟ್ಟಲು ಹಿಡ್ಕೊಂಡು ಅತ್ತ ಇತ್ತ ಓಡಾಡೋದನ್ನ ಕಚೇರಿಯವರು ಯಾರಾದ್ರೂ ನೋಡಿದ್ರೆ? ಹಾಸಿಗೇನೂ ಹಿಂದಕ್ಕೆ ಹಾಕ್ಕೋ."

"ಹಾಸಿಗೆ ಯಾಕೆ? ಅವರು ಮಲಗೋದನ್ನೂ ನೋಡ್ತಾರಾ?"

"ಬೆಳಿಗ್ಗೆ ಬೆಳಿಗ್ಗೆ ಬಂದ್ರೆ ನೋಡಲ್ವಾ? ಬರ್ಕೊಳೋರು ಯಾವುದನ್ನ ನೋಡ್ತಾರೋ ಬಿಡ್ತಾರೋ ನಮಗೇನು ಗೊತ್ತು? ಹುಡುಗನ ಭವಿಷ್ಯ ಕಣೇ."

ಹುಡುಗನ ಭವಿಷ್ಯ ಎಂದ ಮೇಲೆ ಅಮ್ಮ ಎದುರಾಡಲಿಲ್ಲ. ಹಿಂದಿನ ಕೋಣೆಯ ಒಲೆಯ ಪಕ್ಕ ಚಾಪೆ ಹಾಸಿಕೊಂಡಳು. ಮದುವೆಯಾದಾಗಿನಿಂದ, ಹೆರಿಗೆಯ ದಿನಗಳನ್ನು ಬಿಟ್ಟರೆ, ಗಂಡನ ಗೊರಕೆ ಕೇಳದೆ ಅವಳು ಮಲಗಿದವಳಲ್ಲ. ನಿದ್ದೆ ಹತ್ತಲಿಲ್ಲ, ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ ಎಂದು ಸುಮ್ಮನಾದಳು.

ಎರಡು ವಾರ ಹೋಯಿತು. ಅಧಿಕಾರಿ ಬರಲಿಲ್ಲ. ಕಚೇರಿಗೆ ಹೋಗಿ ವಿಚಾರಿಸಿದರೆ, ಪಟ್ಟಿ ಉದ್ದ ಇದೆ, ಬರುತ್ತಾರೆ ಎಂದರು. ಅಷ್ಟರಲ್ಲಿ ಎರಡು ಒಲೆಗಳೂ ತಮ್ಮ ತಮ್ಮ ದಾರಿ ಹಿಡಿದಿದ್ದವು. ಚಿಕ್ಕ ಸೊಸೆ ಖಾರ ಕಡಿಮೆ ಮಾಡಿ, ಎಣ್ಣೆ ಹೆಚ್ಚು ಮಾಡಿ, ಫೋನಿನಲ್ಲಿ ಹಾಡು ಹಾಕಿಕೊಂಡು ಅಡುಗೆ ಮಾಡುತ್ತಿದ್ದಳು. ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ಅವಳು ಹೀಗೆ ಗುನುಗುತ್ತಾಳೆ ಎಂದು ಅಮ್ಮನಿಗೆ ಗೊತ್ತೇ ಇರಲಿಲ್ಲ. ದೊಡ್ಡ ಸೊಸೆ ಇಷ್ಟು ವರ್ಷ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗೂ ಬೇಯಿಸಿ ಹಾಕಿದವಳು. ಈಗ ಪಾತ್ರೆ ಅರ್ಧವಾಗಿತ್ತು, ಬಿಸಿಲು ಬಾಗಿಲಿಗೆ ಬಂದ ಮೇಲೆ ಏಳುತ್ತಿದ್ದಳು. ಮುಖದಲ್ಲಿ ಕಳೆ ಬಂದಿತ್ತು. ಅಮ್ಮ ಇದನ್ನು ನೋಡಿದಳು, ನೋಡಿ ಒಳಗೊಳಗೇ ಹೆದರಿದಳು.

ಒಂದು ಮಧ್ಯಾಹ್ನ ಗಂಡ ಹೊಲದಲ್ಲಿದ್ದ ಹೊತ್ತು ನೋಡಿ ಅವಳು ಮುಂದಿನ ಅಡುಗೆಮನೆಗೆ ಹೋದಳು. ಚಹಾ ಮಾಡಿ ಹೊಲಕ್ಕೆ ತೆಗೆದುಕೊಂಡು ಹೋಗೋಣ ಎಂದು ಚಹಾಪುಡಿ ಡಬ್ಬಕ್ಕೆ ಕೈ ಹಾಕಿದರೆ ಅಲ್ಲಿ ಅಕ್ಕಿ ಇತ್ತು. ಪಕ್ಕದ ಡಬ್ಬದಲ್ಲಿ ಬೇಳೆ ಇತ್ತು.

"ಏನು ಬೇಕು ಅತ್ತೆ?" ದೊಡ್ಡ ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು.

"ಚಹಾಪುಡಿ ಎಲ್ಲಿಟ್ಟೆ?"

"ಮೇಲಿನ ಹಲಗೆಗೆ ಹಾಕಿದ್ದೀನಿ. ನಂಗೆ ಕೈಗೆ ಸಿಗೋ ಹಾಗೆ ಎಲ್ಲಾ ಬದಲಾಯ್ಸಿದೆ. ನೀವು ಬಿಡಿ, ನಾನು ಮಾಡ್ಕೊಡ್ತೀನಿ."

"ನನ್ನ ಗಂಡನಿಗೆ ನಾನು ಚಹಾ ಮಾಡಬಾರದಾ?"

"ನಾನು ಹಾಗಂದ್ನಾ? ಕೂತ್ಕೊಳಿ ಅಂದೆ ಅಷ್ಟೇ."

ಕೂತ್ಕೊಳಿ ಎಂದದ್ದೇ ಅಮ್ಮನಿಗೆ ನಾಟಿತು. ಮನೆಗೆ ಬಂದ ನೆಂಟರಿಗೆ ಹೇಳುವ ಮಾತದು. ಅವಳು ಕೂರಲಿಲ್ಲ, ಚಹಾ ಮಾಡಲೂ ಇಲ್ಲ, ಮುಖ ಗಂಟಿಕ್ಕಿಕೊಂಡು ಹಿಂದಕ್ಕೆ ಬಂದಳು.

ಅಣ್ಣ ತಮ್ಮಂದಿರ ಜಗಳ ಶುರುವಾದದ್ದು ಸಸಿ ತುಂಬುವ ಚಪ್ಪರದಲ್ಲಿ. ಹತ್ತಿರದ ರೈತನೊಬ್ಬ ಮೆಣಸಿನ ಸಸಿಗೆ ದೊಡ್ಡ ಆರ್ಡರ್ ಕೊಟ್ಟಿದ್ದ. ಮನೆಮಂದಿಯೆಲ್ಲ ಕೂತು ಟ್ರೇಯ ಗುಳಿ ಗುಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಬೆರಳಿನಿಂದ ಒತ್ತಿ, ಒಂದೊಂದೇ ಬೀಜ ಬಿಡಬೇಕು. ಚಿಕ್ಕ ಮಗ ಸ್ವಲ್ಪ ಹೊತ್ತು ತುಂಬಿದವನು ಕೈ ಕೊಡವಿಕೊಂಡು ಎದ್ದ.

"ಲೋ, ಎಲ್ಲಿಗೆ? ಇನ್ನೂ ಅರ್ಧ ಇದೆ," ಎಂದ ಅಣ್ಣ.

"ನಂಗೆ ಕೂಲಿ ಎಷ್ಟು ಕೊಡ್ತೀಯ ಹೇಳು, ಕೂರ್ತೀನಿ."

"ಕೂಲೀನಾ? ತಮಾಷೆ ಮಾಡ್ತೀಯಾ?"

"ಸಸಿ ಮಾರಿದ್ದು ನಿನ್ನ ಲೆಕ್ಕಕ್ಕೆ ಹೋಗುತ್ತೆ ಈಗ. ಬೇರೆ ಅಂದ್ಮೇಲೆ ನಾನ್ಯಾಕೆ ಪುಕ್ಕಟೆ ದುಡೀಲಿ?"

"ಬೇರೆ ಆಗಿರೋದು ಕಾಗದದಲ್ಲಿ!"

"ಹೌದಾ? ಮೊನ್ನೆ ಒಂದು ಲೋಟ ಎಣ್ಣೆ ತಂದಿದ್ದಕ್ಕೆ ವಾಪಸ್ ಕೊಡಿ ಅಂತ ಅತ್ತಿಗೆ ಕೇಳಿದ್ರಲ್ಲ, ಅದು ಯಾವ ಕಾಗದದಲ್ಲಿತ್ತು ಅಣ್ಣ?"

"ನಾನು ಕೇಳಿದ್ದು ಲೋಟಾನ, ಎಣ್ಣೇನಲ್ಲ!" ದೊಡ್ಡ ಸೊಸೆ ಚಪ್ಪರದ ಆ ತುದಿಯಿಂದ ಕೂಗಿದಳು.

"ಲೋಟ ಕೇಳೋಕೆ ಪುಟ್ಟೀನ ಕಳಿಸ್ಬೇಕಿತ್ತಾ ಅಕ್ಕ? ನೀವೇ ಬಂದಿದ್ರೆ ಕಾಲು ಸವೀತಿತ್ತಾ?" ಚಿಕ್ಕ ಸೊಸೆಯೂ ಬಾಲ ಬಿಚ್ಚಿದಳು.

"ಎಲ್ಲಾ ಬಾಯಿ ಮುಚ್ಕೊಳ್ರೋ," ಎಂದರು ವಕೀಲರು. ಆದರೆ ಅವರ ದನಿಯಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಿತ್ತು. ಅಮ್ಮನ ಕಿವಿಯ ಹತ್ತಿರ ಬಾಗಿ, "ಹೀಗೇ ಇರ್ಲಿ ಬಿಡು. ಅಧಿಕಾರಿ ಬಂದಾಗಲೂ ಹೀಗೇ ಕಚ್ಚಾಡಿದ್ರೆ ನಮ್ಮ ಕೆಲಸ ಸುಲಭ," ಎಂದರು.

ಅಮ್ಮನಿಗೆ ಮೈಯೆಲ್ಲ ಉರಿಯಿತು. "ಸಾಕು ಮಾಡ್ರೀ ಇದನ್ನ. ಇಬ್ಬರಲ್ಲಿ ಯಾರಿಗಾದ್ರೂ ಒಬ್ಬನಿಗೆ ಬರ್ಲಿ. ಇನ್ನೊಬ್ಬನಿಗೆ ಮುಂದೆ ನೋಡೋಣ. ನಾನು ಹಾಸಿಗೆ ಮುಂದಕ್ಕೆ ತರ್ತೀನಿ."

"ಯಾರಿಗೆ ಬೇಡ ಅಂತೀಯ? ನೀನೇ ಕೈ ಮಾಡಿ ತೋರ್ಸು."

ಅಮ್ಮ ಇಬ್ಬರು ಮಕ್ಕಳನ್ನೂ ನೋಡಿದಳು. ಒಬ್ಬ ಈ ಕಡೆ ಮುಖ ಮಾಡಿದ್ದ, ಇನ್ನೊಬ್ಬ ಆ ಕಡೆ. ಕೈ ಎತ್ತಲಾಗಲಿಲ್ಲ. ಟ್ರೇ ಎಳೆದುಕೊಂಡು, ಚಿಕ್ಕವನು ಬಿಟ್ಟೆದ್ದ ಅರ್ಧವನ್ನು ತಾನೇ ತುಂಬತೊಡಗಿದಳು.

ಆಮೇಲೆ ಗಂಡ ಹೆಂಡತಿ ಮಾತಾಡುವುದು ಈ ಚಪ್ಪರದಲ್ಲಿ ಮಾತ್ರ ಎಂದಾಯಿತು. ಅಲ್ಲೂ ವಕೀಲರ ಮಾತೆಲ್ಲ ಪಟ್ಟಿ, ಅಂಕ, ಅಧಿಕಾರಿಯ ಜೀಪು. ಚಿಕ್ಕವನಿಗೆ ಎಷ್ಟು ಅಂಕ ಬರುತ್ತದೆ, ಎಲ್ಲಿಗೆ ಗೆರೆ ಎಳೆಯುತ್ತಾರೆ ಎಂದು ಬಾಯಿಪಾಠ ಮಾಡಿಕೊಂಡಿದ್ದರು. ಅಮ್ಮನ ಐದು ಅಂಕ ಇಲ್ಲದಿದ್ದರೆ ಹುಡುಗ ಗೆರೆಯ ಕೆಳಗೆ. ಇದ್ದರೆ ಕೂದಲೆಳೆಯಷ್ಟು ಮೇಲೆ. ಆ ಮಾತು ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಅಮ್ಮನಿಗೆ ಆ ಹೊಳಪು ಕಂಡರೆ ಸಿಟ್ಟೂ ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು.

ಒಂದು ವಾರ ಅವರು ಚಪ್ಪರಕ್ಕೇ ಬರಲಿಲ್ಲ. ದೊಡ್ಡ ಮಗನನ್ನು ಕೇಳಿದರೆ, "ನೆಗಡಿ ಅಮ್ಮ, ಮಲಗಿದ್ದಾರೆ," ಎಂದ. ಅಮ್ಮ ಮುಂದಿನ ಬಾಗಿಲಿಗೆ ಹೋದಳು. ಒಳಗಿನಿಂದಲೇ ವಕೀಲರು, "ಬರ್ಬೇಡ, ಬರ್ಬೇಡ! ಪಕ್ಕದ ಊರಿಗೆ ಜೀಪು ಬಂದಿದೆಯಂತೆ," ಎಂದು ಕೂಗಿದರು. ದನಿ ಗಟ್ಟಿಯಾಗಿಯೇ ಇತ್ತು. ಕೂಗುವಷ್ಟು ಶಕ್ತಿ ಇದ್ದರೆ ನೆಗಡಿಯೇ ಇರಬೇಕು ಎಂದುಕೊಂಡು ಅವಳು ಹಿಂದಕ್ಕೆ ಹೋದಳು.

ಜೀಪು ಬಂದದ್ದು ಎರಡೂ ಕಡೆ ಮಧ್ಯಾಹ್ನದ ಊಟಕ್ಕೆ ಕೂತಾಗ. ಇಳಿದದ್ದು ಒಬ್ಬ ಹೆಂಗಸು, ಬಿಸಿಲಲ್ಲಿ ಸುಸ್ತಾದ ಮುಖ, ಧೂಳು ಹಿಡಿದ ಚಪ್ಪಲಿ. ನೀರು ಕೊಟ್ಟರೆ ಕುಡಿದರು, ಚಹಾ ಬೇಡ ಎಂದರು. ಮುಂದಿನ ಅಡುಗೆಮನೆಯಲ್ಲಿ ಒಲೆ ನೋಡಿದರು, ಡಬ್ಬ ತೆಗೆದು ನೋಡಿದರು. ಹಿಂದಿನ ಕೋಣೆಗೆ ಬಂದು ಗೋಡೆಯ ಮೇಲಿನ ಎಣ್ಣೆ ಜಿಡ್ಡನ್ನು ಬೆರಳಿನಿಂದ ಮುಟ್ಟಿ ನೋಡಿದರು. ವಾರಗಟ್ಟಲೆ ಕಾದದ್ದಕ್ಕೆ ಜಿಡ್ಡು ಚೆನ್ನಾಗಿಯೇ ಕೂತಿತ್ತು.

ಆಮೇಲೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿಕೊಂಡರು. ಅಷ್ಟು ಸೆಕೆಯಲ್ಲೂ ವಕೀಲರು ತುಂಬುತೋಳಿನ ಅಂಗಿ ಹಾಕಿದ್ದರು.

"ಎಲ್ಲಾ ಸರಿ ಇದೆ," ಎಂದರು ಅಧಿಕಾರಿ. "ಒಂದೇ ನಂಬೋಕಾಗ್ತಿಲ್ಲ. ಗಂಡ ಹೆಂಡ್ತಿ ಬೇರೆ ಬೇರೆ ಒಲೇಲಿ ಉಣ್ತೀರಾ? ಯಾಕೆ?"

"ಮಾತುಕತೆ ಇಲ್ಲ ಮೇಡಂ ನಮ್ಮಿಬ್ಬರಿಗೆ," ಎಂದರು ವಕೀಲರು, ಮೊದಲೇ ಕಲಿತಿಟ್ಟ ಪಾಠ.

"ನಿಮ್ಮನ್ನ ಕೇಳ್ಲಿಲ್ಲ ಯಜಮಾನ್ರೇ. ಅಮ್ಮ, ನೀವು ಹೇಳಿ. ಇವತ್ತು ಬೆಳಿಗ್ಗೆ ಅವರೇನು ತಿಂದ್ರು?"

ಅಮ್ಮ ಬಾಯಿ ತೆಗೆದಳು. ಸುಳ್ಳು ಹೇಳಬೇಕಾದ ಪ್ರಶ್ನೆ ಇದೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲ ಅನ್ನು ಎಂದು ಗಂಡ ಹತ್ತು ಸಲ ಹೇಳಿಕೊಟ್ಟಿದ್ದರು. "ಗೊತ್ತಿಲ್ಲ," ಎಂದಳು. ಹೇಳಿದ ಮೇಲೆ, ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೆ ಹೊಳೆಯಿತು.

"ಅವರಿಗೆ ಸಕ್ಕರೆ ಕಾಯಿಲೆ ಅಂತ ಬರೆದಿದ್ದೀರಿ. ಮಾತ್ರೆ ಯಾರು ಕೊಡ್ತಾರೆ?"

"ನಾನೇ ಮೇಡಂ," ದೊಡ್ಡ ಸೊಸೆ ಮುಂದೆ ಬಂದಳು. ಮೇಡಂ ನಂಬಲಿ ಎಂದು ಒಂದು ಮಾತು ಹೆಚ್ಚೇ ಆಡಿದಳು. "ಮೊದಲು ಸ್ವಲ್ಪ ದಿನ ನಂಗೂ ಮರ್ತು ಹೋಗ್ತಿತ್ತು. ಬಚ್ಚಲಲ್ಲಿ ತಲೆ ಸುತ್ತಿ ಬಿದ್ರಲ್ಲ ಮಾವ, ಆವತ್ತಿಂದ ಒಂದಿನಾನೂ ತಪ್ಪಿಸಿಲ್ಲ."

"ಯಾವಾಗ ಬಿದ್ರು?" ಎಂದಳು ಅಮ್ಮ.

ದೊಡ್ಡ ಸೊಸೆ ನಾಲಿಗೆ ಕಚ್ಚಿಕೊಂಡು ಗಂಡನ ಕಡೆ ನೋಡಿದಳು.

"ಕೇಳ್ತಿರೋದು ಕಿವಿಗೆ ಬಿತ್ತಾ? ಯಾವಾಗ ಬಿದ್ರು?"

"ಹೋದ ವಾರ ಅಮ್ಮ," ಎಂದ ದೊಡ್ಡ ಮಗ, ನೆಲ ನೋಡುತ್ತ. "ಅಂಥಾದ್ದೇನಿಲ್ಲ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಬಂದೆ."

"ನೆಗಡಿ ಅಂದ್ಯಲ್ಲೋ ನಂಗೆ! ನಾನು ಬಾಗಿಲ ತನಕ ಬಂದಿದ್ದೆ. ಬಾಗಿಲ ತನಕ ಬಂದು ವಾಪಸ್ ಹೋದೆ!" ಅಮ್ಮ ಗಂಡನ ಕಡೆ ತಿರುಗಿದಳು. "ಬರ್ಬೇಡ ಅಂತ ಕೂಗಿದ್ರಲ್ಲ, ಅದಕ್ಕಾ? ನೀವು ಸತ್ತಿದ್ರೂ ಇವರು ಹೀಗೇ ಹೇಳ್ತಿದ್ರಾ, ಪುಟ್ಟೀನ ಕಳಿಸಿ?"

"ಸುಮ್ನಿರೇ, ಮೇಡಂ ಇದ್ದಾರೆ."

"ಇರ್ಲಿ! ಯಾರು ಬೇಕಾದ್ರೂ ಇರ್ಲಿ! ಎಷ್ಟು ವರ್ಷ ನಿಮ್ಮ ಒಂದೊಂದು ತುತ್ತೂ ನನ್ನ ಕೈಮೇಲೆ ಹೋಗಿದೆ. ಈಗ ನೀವು ಬಿದ್ರೆ ನಂಗೆ ಗೊತ್ತಾಗಬಾರದಾ? ಒಂದೇ ಸೂರಿನ ಕೆಳಗೆ?" ಅವಳ ದನಿ ಒಡೆಯಿತು. ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂದು ಸೆರಗಿನಿಂದ ಮುಖ ತಿಕ್ಕಿಕೊಂಡಳು.

ಅಧಿಕಾರಿ ಕೈಯಲ್ಲಿದ್ದ ಹಾಳೆಯ ಮೇಲೆ ಏನನ್ನೋ ಬರೆದರು. "ಎರಡು ಮನೇನೇ. ನಂಗಿನ್ನು ಅನುಮಾನ ಇಲ್ಲ. ಎರಡೂ ಅರ್ಜಿ ಮುಂದಕ್ಕೆ ಕಳಿಸ್ತೀನಿ," ಎಂದರು. ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದರು. ಹಣ ಬಂದ ಮೇಲೂ ಮೂರು ವರ್ಷ ಆಗಾಗ ಬಂದು ನೋಡುತ್ತಾರಂತೆ. ಅಷ್ಟರಲ್ಲಿ ಮನೆಗಳು ಒಂದಾದದ್ದು ಕಂಡರೆ, ಇಲ್ಲವೇ ಯಾರು ಯಾವ ಮನೆ ಎಂದು ಬರೆಸಿದ್ದಾರೋ ಅದು ಬದಲಾದದ್ದು ಕಂಡರೆ, ಕೊಟ್ಟದ್ದನ್ನು ವಾಪಸ್ ಕಟ್ಟಬೇಕು.

ಅವರು ಮೆಟ್ಟಿಲಿಳಿದು ಬೀದಿಗೆ ಹೋದದ್ದೇ ತಡ, ಚಿಕ್ಕ ಮಗ ಅಣ್ಣನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ವಾರಗಳಿಂದ ಮುಖ ಮುಖ ನೋಡದಿದ್ದವರು ಹಲ್ಲು ಕಿರಿಯುತ್ತಾ ನಿಂತರು. ಅಮ್ಮ ಒಬ್ಬಳೇ ಹಿಂದಿನ ಕೋಣೆಗೆ ಹೋಗಿ ಚಾಪೆ ಸುತ್ತತೊಡಗಿದಳು. ಚಿಕ್ಕ ಸೊಸೆ ಓಡಿ ಬಂದಳು.

"ಏನ್ಮಾಡ್ತಿದ್ದೀರಿ ಅತ್ತೆ? ಮೂರು ವರ್ಷ ಅಂದ್ರಲ್ಲ."

"ಒಲೆ ಇರ್ಲಿ ತಾಯಿ. ನಿಂಗೂ ಬೇಕು ಅದು, ಅವಳಿಗೂ ಬೇಕು. ನಂಗೆ ಕಣ್ಣಿಲ್ವಾ? ಎರಡು ಒಲೆ ಅಲ್ಲ, ನಾಲ್ಕು ಹಚ್ಕೊಳಿ. ನಾನು ಮುಂದೆ ಹೋಗ್ತೀನಿ, ಅಷ್ಟೇ."

ಮಕ್ಕಳಿಬ್ಬರೂ ಒಳಗೆ ಬಂದರು. ಹಿಂದೆಯೇ ವಕೀಲರು, ಬಾಗಿಲ ಚೌಕಟ್ಟು ಹಿಡಿದುಕೊಂಡು.

"ನೀನು ಮುಂದೆ ಹೋದ್ರೆ ನನ್ನ ಐದು ಅಂಕ ಹೋಗುತ್ತೆ ಅಮ್ಮ," ಎಂದ ಚಿಕ್ಕವನು.

"ಹಾಗಾದ್ರೆ ನಿಮ್ಮಪ್ಪನ್ನ ಹಿಂದೆ ಕರ್ಕೋ."

"ಅದು ಹೇಗಾಗುತ್ತೆ?" ಎಂದ ದೊಡ್ಡವನು. "ಜಮೀನು ಅಪ್ಪನ ಹೆಸರಲ್ಲಿದೆ. ಅಪ್ಪ ನಮ್ಮ ಕಡೇನೇ ಇರ್ಬೇಕು. ನೀನು ಅವನ ಕಡೆ ಇರು. ಅದೇ ಸರಿ, ಇಬ್ಬರಿಗೂ ನ್ಯಾಯ."

ಸಂತೆಯಲ್ಲಿ ಹಸು ಕರು ಬೇರೆ ಬೇರೆ ಮಾಡಿ ಚೌಕಾಶಿ ಮಾಡುವವರ ಹಾಗೆ ಮಾತಾಡುತ್ತಿದ್ದರು. ಅಮ್ಮ ಅವರಿಬ್ಬರನ್ನೂ ಬಿಟ್ಟು ಗಂಡನ ಮುಖ ನೋಡಿದಳು. "ನೀವು ಹೇಳಿ."

ವಕೀಲರು ಗಂಟಲು ಸರಿಮಾಡಿಕೊಂಡರು. ಹೆಂಡತಿಯ ಕಣ್ಣು ತಪ್ಪಿಸಿ ಗೋಡೆ ನೋಡಿದರು. "ಮೂರು ವರ್ಷ ತಾನೇ," ಎಂದರು. "ಹೇಗೋ ಕಳೆದುಹೋಗುತ್ತೆ."

ಅಮ್ಮ ಚಾಪೆಯನ್ನು ಅಲ್ಲೇ ಕೆಳಗೆ ಹಾಕಿದಳು. ಯಾರೂ ತಡೆಯುವ ಮುಂಚೆ ಓಣಿ ದಾಟಿ, ಅಂಗಳ ದಾಟಿ, ಬರಿಗಾಲಲ್ಲಿ ಬೀದಿಗಿಳಿದಳು. ಜೀಪು ಇನ್ನೂ ಹೊರಟಿರಲಿಲ್ಲ. ಅಧಿಕಾರಿ ಬಾಗಿಲು ತೆಗೆದು ಕೂತು ಚಪ್ಪಲಿಯ ಕಲ್ಲು ಕೊಡವುತ್ತಿದ್ದರು.

"ಮೇಡಂ, ನನ್ನನ್ನ ಹಿಂದಿನ ಮನೆಯಿಂದ ತೆಗೆದು ಮುಂದಿನ ಮನೆಗೆ ಬರ್ಕೊಳಿ."

ಅವರು ತಲೆಯೆತ್ತಿ ನೋಡಿದರು. ದುಡುಕಬೇಡಿ ಎನ್ನುವ ಹಾಗೆ ನಿಧಾನವಾಗಿ ಹೇಳಿದರು. "ಬರ್ಕೊಂಡ್ರೆ ನಿಮ್ಮ ಚಿಕ್ಕ ಮಗ ಈ ಸಲದ ಪಟ್ಟಿಯಿಂದ ಇಳಿದು ಹೋಗ್ತಾರೆ ಅಮ್ಮ. ಮನೆ ಬೇರೆ ಅನ್ನೋದು ಹಾಗೇ ಇರುತ್ತೆ, ಮುಂದಿನ ವರ್ಷ ಮತ್ತೆ ಹಾಕ್ಬಹುದು. ಆದ್ರೆ ಮುಂದಿನ ವರ್ಷ ಈ ಯೋಜನೆ ಇರುತ್ತೋ ಇಲ್ವೋ, ನಂಗೂ ಗೊತ್ತಿಲ್ಲ. ಬರ್ಕೊಳ್ಲಾ?"

ಅಮ್ಮ ತಿರುಗಿ ನೋಡಿದಳು. ಚಿಕ್ಕ ಮಗ ಬಾಗಿಲಲ್ಲಿ ನಿಂತಿದ್ದ. ಅವನು ಕೂಗಲಿಲ್ಲ. ಬೇಡ ಎಂದು ತಲೆ ಮಾತ್ರ ಆಡಿಸಿದ, ಜ್ವರ ಬಂದಾಗ ಔಷಧ ಬೇಡ ಎಂದು ಆಡಿಸುತ್ತಿದ್ದ ಹಾಗೆಯೇ. ಇನ್ನೊಂದು ಗಳಿಗೆ ನೋಡಿದರೆ ಮನಸ್ಸು ಬದಲಾಗುತ್ತದೆ ಎಂದು ಅನ್ನಿಸಿ ಮುಖ ಈ ಕಡೆ ತಿರುಗಿಸಿದಳು.

"ಬರ್ಕೊಳಿ," ಎಂದಳು.

ಆ ಸಂಜೆ ಚಿಕ್ಕವನು ಒಂದೇ ಮಾತು ಕೇಳಿದ: "ನಾನು ನಿನ್ನ ಮಗ ಅಲ್ವಾ?" ಹೌದು ಎಂದರೆ ಅವನು ನಂಬುತ್ತಿರಲಿಲ್ಲ. ಚಿಕ್ಕ ಸೊಸೆ ಅವಳ ಚಾಪೆ, ಸೀರೆ, ಬಾಚಣಿಗೆ ಎಲ್ಲವನ್ನೂ ನೀಟಾಗಿ ಮಡಿಸಿ ತಂದು ಮುಂದಿನ ಹೊಸ್ತಿಲ ಮೇಲಿಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಪಾತ್ರೆ ಕುಕ್ಕುವ ಸದ್ದು ಕೇಳಿಸಿತು. ಹಾಡು ಕೇಳಿಸಲಿಲ್ಲ. ದೊಡ್ಡ ಸೊಸೆ ತಟ್ಟೆ ಇಟ್ಟು, "ಬಡಿಸ್ಲಾ ಅತ್ತೆ?" ಎಂದು ಕೇಳಿದಳು. ಅಮ್ಮ ಆಮೇಲೆ ಎಂದಳು.

ವಕೀಲರು ಮಂಚದ ಮೇಲೆ ಗೋಡೆಗೊರಗಿ ಕೂತು, ಅವಳು ಒಳಗೆ ಬಂದಾಗಿನಿಂದ ಬೈಯುತ್ತಲೇ ಇದ್ದರು. "ಕೈಗೆ ಬಂದಿದ್ದನ್ನ ಹೊಡೆದು ಹಾಕಿದೆ. ಹುಡುಗನ ಅನ್ನಕ್ಕೆ ಮಣ್ಣು ಹಾಕಿದೆ. ಇಷ್ಟು ದಿನ ತಡ್ಕೊಂಡವಳಿಗೆ ಇನ್ನು ಸ್ವಲ್ಪ ದಿನ ತಡ್ಕೊಳ್ಳೋಕೆ ಏನಾಗಿತ್ತು? ನಾನೇನು ಓಡಿ ಹೋಗ್ತಿದ್ನಾ? ಬೀದೀಲಿ ನಿಂತು, ಬರ್ಕೊಳಿ ಅಂತ! ಕೇಳ್ತಿದ್ಯಾ? ನಿಂಗೇ ಹೇಳ್ತಿರೋದು."

"ಕೇಳ್ತಿದೆ," ಎಂದಳು ಅಮ್ಮ. ಮಂಚದ ಅಂಚಿನಲ್ಲಿ ಕೂತಳು. "ನಾಳೆ ಅವನ ಹತ್ರ ಹೋಗಿ ಕೂತು ಬೈಸ್ಕೊಂಡು ಬರ್ತೀನಿ. ನಾಳಿದ್ದೂ ಹೋಗ್ತೀನಿ. ಅವನು ಬೈಯೋಷ್ಟು ದಿನ ಬೈಸ್ಕೊಳ್ತೀನಿ. ನೀವೂ ಬೈಯಿರಿ, ಬೇಡ ಅನ್ನಲ್ಲ. ಮೊದಲು ಎಲ್ಲಿ ಪೆಟ್ಟಾಯ್ತು ತೋರ್ಸಿ."

"ಪೆಟ್ಟೂ ಇಲ್ಲ, ಗಿಟ್ಟೂ ಇಲ್ಲ."

"ತೋರ್ಸಿ ಅಂದೆ."

ವಕೀಲರು ಸ್ವಲ್ಪ ಹೊತ್ತು ಗೊಣಗಿದರು. ಆಮೇಲೆ ಅಂಗಿಯ ತೋಳಿನ ಗುಂಡಿ ಬಿಚ್ಚಲು ಹೋದರು; ಒಂದೇ ಕೈಯಲ್ಲಿ ಆಗಲಿಲ್ಲ. ಅಮ್ಮ ಗುಂಡಿ ಬಿಚ್ಚಿ ತೋಳನ್ನು ಮೆಲ್ಲಗೆ ಮೇಲೆ ಸರಿಸಿದಳು. ಮೊಣಕೈಯಿಂದ ಭುಜದ ತನಕ ಮೈ ಕಂದಿತ್ತು. ಹೊಸ ಪೆಟ್ಟಿನ ಕಪ್ಪು ಹೋಗಿ ಅಂಚೆಲ್ಲ ಆಗಲೇ ಹಳದಿಗೆ ತಿರುಗಿತ್ತು. ಅವಳು ನೋಡುವ ಮೊದಲೇ ಅರ್ಧ ವಾಸಿಯಾಗಿತ್ತು.

ಅವಳು ಅದರ ಮೇಲೆ ಅಂಗೈ ಇಟ್ಟಳು. "ನೋಯುತ್ತಾ?" ಎಂದು ಕೇಳಿದಳು.

"ಈಗಿಲ್ಲ," ಎಂದರು ವಕೀಲರು. "ಬಿದ್ದ ದಿನ ತುಂಬಾ ನೋಯ್ತಿತ್ತು."